ಅತ್ತೆ ಹಾಕಿದ ಫಿಲ್ಟರ್

ಗಾಡಿ ಬಿಡಿಭಾಗಗಳ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಫಿಲ್ಟರಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಕರೆದರೆ ಕುಹಕ, ಎದುರಿಗೆ ಕರೆದರೆ ಗೌರವ. ಆಕೆ ಎರಡನ್ನೂ ಗೌರವದ ಖಾತೆಗೇ ಹಾಕಿಕೊಳ್ಳುತ್ತಿದ್ದಳು. ಗಂಡ ತೀರಿಕೊಂಡಾಗ ಅಂಗಡಿ ಮುಚ್ಚಿಬಿಡು ಎಂದವರ ಬಾಯಿ ಮುಚ್ಚಿಸಿದವಳು ಆಕೆ. ಬ್ರೇಕು, ಕ್ಲಚ್ಚಿನ ಸಾಮಾನು ಬೇಕಿದ್ದವರು ಯಾವ ಅಂಗಡಿಗಾದರೂ ಹೋಗಲಿ, ಎಂಜಿನ್ ಆಯಿಲ್ ಫಿಲ್ಟರ್ ಬೇಕೆಂದರೆ ಇಲ್ಲಿಗೇ ಬರಬೇಕು. ಬಂದವರು ಸುಮ್ಮನೆ ಕೊಂಡು ಹೋಗುವಂತಿರಲಿಲ್ಲ, ಪಾಠ ಕೇಳಿಸಿಕೊಂಡೇ ಹೋಗಬೇಕಿತ್ತು.

ಅದಕ್ಕೆಂದೇ ಮೇಜಿನ ಮೇಲೆ ಅಡ್ಡಕ್ಕೆ ಕೊಯ್ದ ಎರಡು ಫಿಲ್ಟರುಗಳಿದ್ದವು, ಒಂದು ಒಳ್ಳೆಯದು, ಒಂದು ಖೋಟಾ.

"ಹೊರಗಿನ ಬಣ್ಣ ನೋಡ್ಬೇಡಿ, ಹೊಟ್ಟೆ ನೋಡಿ," ಎಂದು ಆಕೆ ಶುರು ಮಾಡುತ್ತಿದ್ದಳು. "ಇದರಲ್ಲಿ ಕಾಗದದ ಮಡಿಕೆ ಎಷ್ಟು ಒತ್ತೊತ್ತಾಗಿದೆ! ಇದರಲ್ಲೋ, ಮುದುಕಪ್ಪನ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು. ಕೊಳೆ ಎಲ್ಲಿ ನಿಲ್ಬೇಕು? ಈ ರಬ್ಬರ್ ಮುಟ್ಟಿ ನೋಡಿ. ಗಾಡಿ ನಿಲ್ಲಿಸಿದ್ಮೇಲೆ ಆಯಿಲ್ ವಾಪಸ್ ಇಳಿದು ಹೋಗದ ಹಾಗೆ ತಡೆಯೋದು ಇದೇ. ಇದು ಸೆಟೆದುಕೊಂಡಿದ್ರೆ ಬೆಳಗ್ಗೆ ಬೆಳಗ್ಗೆ ಎಂಜಿನ್ ಒಣ ಗಂಟಲಲ್ಲಿ ಓಡುತ್ತೆ. ಮತ್ತೆ ಈ ಸ್ಪ್ರಿಂಗು! ಕಾಗದ ಕಟ್ಕೊಂಡಾಗ ಇದು ದಾರಿ ಬಿಡ್ಬೇಕು. ಕೊಳೆ ಆಯಿಲ್ಲಾದ್ರೂ ಸರಿ, ಎಂಜಿನ್ ಉಪವಾಸ ಬೀಳ್ಬಾರ್ದು."

ಪಾಠ ತಪ್ಪಿರಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಅಗ್ಗದ್ದು ಕೇಳಿಕೊಂಡು ಬಂದವರು ಒಳ್ಳೆಯದನ್ನೇ ಕೊಂಡು ಹೋಗುತ್ತಿದ್ದರು, ಅವರ ಗಾಡಿಗಳು ಬಾಳಿಕೆ ಬರುತ್ತಿದ್ದವು. ತಾನು ಹೇಳಿದ್ದು ಸರಿ ಎನ್ನುವುದು ಆಕೆಗೆ ಎಷ್ಟು ಅಭ್ಯಾಸವಾಗಿ ಹೋಗಿತ್ತೆಂದರೆ, ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಬೇರೆ ಯೋಚಿಸುವ ಅಗತ್ಯವೇ ಕಾಣುತ್ತಿರಲಿಲ್ಲ.

ಇದ್ದ ಒಬ್ಬಳೇ ಮಗಳು ಹಗಲು ಹೊತ್ತು ಅಂಗಡಿಯಲ್ಲಿ ಕೂರುತ್ತಿದ್ದಳು. ಅಳಿಯ ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ಡು ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ವ್ಯಾನು ಅವನದೇ. ಮಾತು ಕಡಿಮೆ. ಅತ್ತೆಯ ಲೆಕ್ಕದಲ್ಲಿ ಮಾತು ಕಡಿಮೆ ಇರುವವರು ಎರಡೇ ಜಾತಿ, ದಡ್ಡರು ಮತ್ತು ಕಳ್ಳರು. ಅಳಿಯನನ್ನು ಸದ್ಯಕ್ಕೆ ಮೊದಲನೆಯದರಲ್ಲಿ ಇಟ್ಟಿದ್ದಳು.

ಆ ಬೀದಿಗೊಂದು ಕಟ್ಟುಪಾಡು ಇತ್ತು. ಮಾರುವವರು ಸ್ಪ್ಯಾನರ್ ಹಿಡಿಯುವುದಿಲ್ಲ, ರಿಪೇರಿ ಮಾಡುವವರು ಸಾಮಾನು ಮಾರುವುದಿಲ್ಲ. ಅಳಿಯ ಆಯಿಲ್ ಬದಲಾಯಿಸಬೇಕೆಂದು ವ್ಯಾನು ತಂದಾಗ ಆಕೆ ಆ ಕಟ್ಟುಪಾಡನ್ನು ಮುರಿದಳು. "ಮನೆ ಗಾಡಿ ಕಂಡವರ ಕೈಗೆ ಯಾಕೆ ಕೊಡ್ಬೇಕು? ನಾನೇ ಹಾಕ್ತೀನಿ, ಎಲ್ರೂ ನೋಡಿ ಕಲೀಲಿ," ಎಂದು ಸೆರಗು ಸಿಕ್ಕಿಸಿಕೊಂಡು ವ್ಯಾನಿನ ಕೆಳಗೆ ನುಗ್ಗಿದಳು. ನೋಡಲು ನಾಲ್ಕು ಜನ ಸೇರಿದ್ದರು. ಕೈ ಕೆಲಸ ಮಾಡುತ್ತಿತ್ತು, ಬಾಯಿ ಪಾಠ ಹೇಳುತ್ತಿತ್ತು. ಹಳೆಯ ಫಿಲ್ಟರನ್ನು ತಿರುಗಿಸಿ ತೆಗೆದವಳು ಅದರತ್ತ ಕಣ್ಣೂ ಹಾಯಿಸದೆ ಡಬ್ಬಕ್ಕೆ ಎಸೆದಳು. ಹೊಸದರ ಬಾಯಿಯ ಸುತ್ತಲಿನ ರಬ್ಬರ್ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ ಬಿಗಿದಳು. ಸ್ಟಾರ್ಟ್ ಮಾಡಿದರೆ ಒಂದು ಹನಿಯೂ ಸೋರಲಿಲ್ಲ. ಜನ ಶಹಬ್ಬಾಸ್ ಎಂದರು.

ಮರುದಿನ ಬೆಳಗ್ಗೆ ವ್ಯಾನು ಹೆದ್ದಾರಿಯಲ್ಲಿ ಆಯಿಲ್ಲನ್ನೆಲ್ಲ ರಸ್ತೆಗೆ ಸುರಿದು ನಿಂತಿತು. ಆಯಿಲ್ ಇಲ್ಲವೆಂದು ತೋರಿಸುವ ಕೆಂಪು ದೀಪ ಹತ್ತಿದ್ದೇ ತಡ ಅಳಿಯ ಎಂಜಿನ್ ಆಫ್ ಮಾಡಿದ್ದ. ಗಾಡಿಯನ್ನು ಎಳೆಸಿಕೊಂಡು ಬಂದು ಬೀದಿಯ ಕೊನೆಯ ಗ್ಯಾರೇಜಿಗೆ ಬಿಟ್ಟು, ಮೈಕೈಯೆಲ್ಲ ಮಸಿ ಮಾಡಿಕೊಂಡು ಅಂಗಡಿಗೆ ಬಂದ. ಆಯಿಲ್ ಸೋರಿಹೋಯಿತು, ಫಿಲ್ಟರಿನ ಹತ್ತಿರದಿಂದ, ಎಂದ. ಇನ್ನೇನೋ ಹೇಳಲು ಬಾಯಿ ತೆರೆದವನು ಅಂಗಡಿ ತುಂಬ ನಿಂತಿದ್ದ ಗಿರಾಕಿಗಳನ್ನು ನೋಡಿ ಸುಮ್ಮನಾದ.

"ನಾನು ಕೊಟ್ಟ ಫಿಲ್ಟರ್ ಸೋರೋದಾ?" ಎಂದಳು ಅತ್ತೆ. "ಎಲ್ಲಿ ಅದು? ತನ್ನಿ ನೋಡೋಣ."

"ಎಸೆದ್ಬಿಟ್ಟೆ, ಅತ್ತೆ."

ಅಷ್ಟೇ ಸಾಕಾಯಿತು. ತನ್ನ ಫಿಲ್ಟರ್ ಸೋರುವುದಿಲ್ಲ, ಆದ್ದರಿಂದ ಸೋರಿದ್ದು ತನ್ನದಲ್ಲ. ಬೀದಿಯ ಮೂಲೆಯಲ್ಲಿ ಖೋಟಾ ಮಾಲು ಮಾರುವವನೊಬ್ಬನಿದ್ದ, ಅಳಿಯ ಅವನ ಜೊತೆ ಆಗಾಗ ಚಹಾ ಕುಡಿಯುತ್ತಿದ್ದ. ಎರಡಕ್ಕೂ ಗಂಟು ಹಾಕಲು ಆಕೆಗೆ ಕ್ಷಣವೂ ಹಿಡಿಯಲಿಲ್ಲ.

"ನನ್ನ ಫಿಲ್ಟರ್ ಬಿಚ್ಚಿ ಅವನಿಗೆ ಮಾರ್ಕೊಂಡು, ಅವನ ತಗಡು ಹಾಕ್ಕೊಂಡಿದೀಯ! ನನ್ನ ಮಗಳ ಅನ್ನಕ್ಕೇ ಮಣ್ಣು ಹಾಕ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಮದುವೆಯಾದ ದಿನದಿಂದ ನೀವು, ತಾವು ಎನ್ನುತ್ತಿದ್ದ ನಾಲಿಗೆ ಬೀದಿಯವರೆದುರು ಹೀಗೆ ಹರಿಯಿತು. ಅಳಿಯ ಹೆಂಡತಿಯ ಕಡೆಗೊಮ್ಮೆ ನೋಡಿದ. ಅವಳು ತಲೆ ತಗ್ಗಿಸಿದಳು. ಅವನು ಹೊರಟುಹೋದ. ಎರಡು ದಿನ ಗಂಡ ಹೆಂಡತಿ ಮನೆಯಲ್ಲಿ ಏನು ಮಾತಾಡಿಕೊಂಡರೋ, ಮೂರನೆಯ ದಿನ ಮಗಳು ಬಟ್ಟೆಯ ಚೀಲ ಹಿಡಿದು ಅಮ್ಮನ ಮನೆಗೆ ಬಂದಳು. "ಕೇಳಿದ್ರೆ ಬಾಯೇ ಬಿಡಲ್ಲ. ತಪ್ಪು ಮಾಡದವರು ಹಾಗಿರ್ತಾರಾ?" ಎಂದಳು. ಇಲ್ಲೇ ಇರು ಬಿಡು, ಅವನಿಗೆ ಬುದ್ಧಿ ಬರಲಿ ಎಂದಳು ಅಮ್ಮ. ಹೇಳುವಾಗ ಒಳಗೊಳಗೆ ಸ್ವಲ್ಪ ಗೆದ್ದ ಹಾಗೂ ಅನಿಸಿತು.

ಆ ವಾರವೇ ಗ್ಯಾರೇಜಿನ ಮೇಸ್ತ್ರಿ ಫಿಲ್ಟರ್ ಕೊಳ್ಳಲು ಬಂದವನು, ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ನಿಮ್ಮ ಅಳಿಯಂದಿರ ವ್ಯಾನಿಂದು. ಬಿಸಾಕು, ಅತ್ತೆ ಕಣ್ಣಿಗೆ ಮಾತ್ರ ಬೀಳ್ಬಾರ್ದು ಅಂದಿದ್ರು. ನಂಗ್ಯಾಕೋ ಮನಸ್ಸು ಬರ್ಲಿಲ್ಲ. ನೀವೇ ನೋಡಿ."

"ನೋಡಿದ್ರಾ!" ಆಕೆ ಎದ್ದು ನಿಂತಳು. ಮಗಳನ್ನು ಕರೆದಳು, ಪಕ್ಕದ ಟೈರಿನಂಗಡಿಯವನನ್ನು ಕರೆದಳು, ದಾರಿಯಲ್ಲಿದ್ದ ಟ್ಯಾಕ್ಸಿಯವನನ್ನೂ ಕರೆದಳು. "ನನಗೆ ತೋರಿಸ್ಬಾರ್ದು ಅಂದನಂತೆ. ಬನ್ನಿ, ಎಲ್ಲರೆದುರಿಗೇ ಕೊಯ್ದು ತೋರಿಸ್ತೀನಿ, ಒಳಗೆ ಏನಿದೆ ಅಂತ." ಕಾಗದ ಬಿಚ್ಚಿ ಫಿಲ್ಟರನ್ನು ಕೈಗೆತ್ತಿಕೊಂಡು, ಕೊಯ್ಯುವ ಮುಂಚೆ ತಿರುಗಿಸಿ ನೋಡಿದಳು.

ಬಾಯಿಯ ಸುತ್ತ ಎರಡು ರಿಂಗುಗಳಿದ್ದವು.

ಒಂದು ಹೊಸದು, ಆಕೆಯೇ ಬೆರಳಿಂದ ಆಯಿಲ್ ಸವರಿದ್ದು. ಅದರ ಮೇಲೆ ಅಂಟಿಕೊಂಡಿದ್ದದ್ದು ಹಳೆಯದು, ಚಪ್ಪಟೆಯಾಗಿ ಸುಟ್ಟು ಗಟ್ಟಿಯಾದದ್ದು. ಹಳೆಯ ಫಿಲ್ಟರ್ ತೆಗೆಯುವಾಗ ಅದರ ರಬ್ಬರ್ ರಿಂಗು ಒಮ್ಮೊಮ್ಮೆ ಎಂಜಿನ್ನಿಗೇ ಅಂಟಿ ಉಳಿದುಬಿಡುತ್ತದೆ. ನೋಡದೆ ಹೊಸದನ್ನು ಬಿಗಿದರೆ ರಿಂಗಿನ ಮೇಲೆ ರಿಂಗು ಕೂರುತ್ತದೆ. ನಿಂತಲ್ಲಿ ಸೋರುವುದಿಲ್ಲ. ಗಾಡಿ ವೇಗ ಹಿಡಿದು ಒತ್ತಡ ಏರಿದಾಗ ಜಾರಿ, ಆಯಿಲ್ಲೆಲ್ಲ ಚಿಮ್ಮುತ್ತದೆ. ಇದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಕೆಗೂ ಗೊತ್ತಿತ್ತು. ಫಿಲ್ಟರಿನ ತಳದಲ್ಲಿ ಆಕೆಯ ಅಂಗಡಿಯ ಚೀಟಿ ಇನ್ನೂ ಹಾಗೇ ಇತ್ತು.

ಮುಖಕ್ಕೆ ಬಿಸಿಯೇರಿತು. ಆಕೆಯ ಅಂಗೈ ತಾನಾಗಿ ಫಿಲ್ಟರಿನ ಬಾಯಿಯನ್ನು ಮುಚ್ಚಿತು. ಮೇಸ್ತ್ರಿ ಬೇರೆ ಎಲ್ಲೋ ನೋಡುತ್ತಿದ್ದ.

"ಏನಮ್ಮ?" ಎಂದಳು ಮಗಳು.

"ಏನಿಲ್ಲ. ಗರಗಸ ಮೊಂಡಾಗಿದೆ. ಆಮೇಲೆ ನೋಡೋಣ." ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಆಕೆಗೇ ಹೇಸಿಗೆಯಾಯಿತು.

ಫಿಲ್ಟರನ್ನು ಸೆರಗಿನಡಿ ಹಿಡಿದು ಗ್ಯಾರೇಜಿಗೆ ನಡೆದಳು. ಬೀದಿಯಲ್ಲಿ ಯಾರೋ ಮಾತಾಡಿಸಿದರು, ಕೇಳಿಸಲಿಲ್ಲವೆಂಬಂತೆ ಮುಂದೆ ಹೋದಳು. ಅಳಿಯ ಎಂಜಿನ್ನಿನ ಕೆಳಭಾಗ ಬಿಚ್ಚಿಟ್ಟುಕೊಂಡು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಆಕೆಯನ್ನು ನೋಡಿ ಎದ್ದು ನಿಂತ, ಸ್ಟೂಲು ಎಳೆದು ಬಟ್ಟೆಯಿಂದ ಒರೆಸಿ ಹಾಕಿದ. ಆಕೆ ಕೂರಲಿಲ್ಲ. ಫಿಲ್ಟರನ್ನು ಹೊರತೆಗೆದು ತೋರಿಸಿದಳು.

"ರಸ್ತೇಲೇ ನೋಡಿದ್ರಾ ಇದನ್ನ?"

"ಹೂಂ, ಅತ್ತೆ."

"ಮತ್ತೆ ನಾನು ಬೀದೀಲಿ ನಿಂತು ಅಷ್ಟೆಲ್ಲ ಅಂದಾಗ?"

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸತೊಡಗಿದ. "ಹೇಳೋಣ ಅಂತಲೇ ಬಂದಿದ್ದೆ. ಅಂಗಡಿ ತುಂಬ ಜನ ಇದ್ರು. ನಿಮ್ಮ ಮಾತು ನಂಬ್ಕೊಂಡು ಬರೋರು. ಅವರೆದುರಿಗೆ ಹ್ಯಾಗೆ ಹೇಳ್ಲಿ?"

"ಮಗಳಿಗಾದ್ರೂ ಹೇಳ್ಬಹುದಿತ್ತಲ್ಲ."

"ಅಮ್ಮನ ವಿಷಯ. ಅವಳಿಗೆ ನೀವಂದ್ರೆ ಅಷ್ಟು ಹೆಮ್ಮೆ. ನನ್ನ ಮೇಲಿನ ಸಿಟ್ಟಾದ್ರೆ ಎರಡು ದಿನಕ್ಕೆ ಇಳಿಯುತ್ತೆ ಅಂದ್ಕೊಂಡೆ." ಬಟ್ಟೆಯನ್ನು ಪಕ್ಕಕ್ಕಿಟ್ಟು ಹೇಳಿದ, "ಅವಳು ನಂಬಿಬಿಡ್ತಾಳೆ ಅಂತ ಗೊತ್ತಿರ್ಲಿಲ್ಲ."

ಆಕೆ ಫಿಲ್ಟರಿನ ಮೇಲಿನ ಮಸಿಯನ್ನು ಹೆಬ್ಬೆರಳಿಂದ ಒರೆಸತೊಡಗಿದಳು.

"ಆಗಿದ್ದು ಆಯ್ತು, ಅತ್ತೆ. ಎಂಜಿನ್ನಿಗೆ ಏನೂ ಆಗಿಲ್ಲ, ನಾಳೆ ಓಡುತ್ತೆ. ಅದನ್ನ ಇಲ್ಲೇ ಬಿಟ್ಟು ಹೋಗಿ. ಯಾರಿಗೂ ಗೊತ್ತಾಗಲ್ಲ."

ಕೇಳಿದ ಕೂಡಲೇ ಆಕೆಗೆ ಆದದ್ದು ಸಮಾಧಾನ. ಹೌದು, ಯಾರಿಗೂ ಗೊತ್ತಾಗುವುದಿಲ್ಲ, ಮೇಸ್ತ್ರಿ ಬಾಯಿಬಡುಕನಲ್ಲ, ಮಗಳಿಗೆ ಏನಾದರೊಂದು ಹೇಳಿ ಗಂಡನ ಮನೆಗೆ ಕಳಿಸಿದರಾಯಿತು. ಇಷ್ಟೂ ಯೋಚನೆ ಸರಸರನೆ ಬಂದು ಕೂತಿತು. ಆಮೇಲೆ ಅದನ್ನು ಯೋಚಿಸಿದವಳು ತಾನೇ ಎಂಬುದು ಹೊಳೆದು, ರಿಂಗು ಕಂಡಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅವನ ಮುಖ ನೋಡಲಾಗದೆ, ಫಿಲ್ಟರನ್ನು ಕೈಯಲ್ಲೇ ಹಿಡಿದು ತಿರುಗಿ ನಡೆದಳು. ಈ ಸಲ ಸೆರಗಿನಡಿ ಇಟ್ಟುಕೊಳ್ಳಲಿಲ್ಲ.

ಅಂಗಡಿಯಲ್ಲಿ ಟ್ಯಾಕ್ಸಿಯವನೂ ಟೈರಿನಂಗಡಿಯವನೂ ಇನ್ನೂ ಹರಟುತ್ತಿದ್ದರು. ಹೊಸ ಗಿರಾಕಿಗಳೂ ಬಂದಿದ್ದರು. ಆಕೆ ಫಿಲ್ಟರನ್ನು ಮೇಜಿನ ನಡುವೆ ಬಾಯಿ ಮೇಲಾಗಿ ಇಟ್ಟಳು. ಮಾತು ಶುರು ಮಾಡುವುದು ಹೇಗೆಂದು ಆಕೆಗೆ ಮೊದಲ ಬಾರಿ ತಿಳಿಯಲಿಲ್ಲ.

"ಮಾಲು ನಂದೇ. ಒಳ್ಳೆ ಮಾಲೇ," ಎಂದಳು ಕೊನೆಗೆ. "ಹಳೇ ರಿಂಗು ನೋಡದೆ ಹೊಸದು ಬಿಗಿದ ಕೈಯೂ ನಂದೇ. ನೀವೆಲ್ಲ ನಿಂತು ನೋಡ್ತಿದ್ರಲ್ಲ, ಆವತ್ತು. ನಮ್ಮ ಅಳಿಯಂದ್ರು ಇದನ್ನ ಮೊದಲೇ ನೋಡಿದಾರೆ. ನನ್ನ ಮರ್ಯಾದೆ ಉಳೀಲಿ ಅಂತ ಕಳ್ಳ ಅನ್ನಿಸ್ಕೊಂಡು ಸುಮ್ಮನಿದ್ರು."

ಟ್ಯಾಕ್ಸಿಯವನು ಕೆಮ್ಮಿ, "ಹೋಗ್ಲಿ ಬಿಡಿ ಅಮ್ಮ, ಕೈತಪ್ಪು ಯಾರಿಗೆ ಆಗಲ್ಲ," ಎಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆ ಕನಿಕರ ತಡೆಯಲಾಗಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಜಾಗ ಖಾಲಿ ಮಾಡಿದರು.

ಮಗಳು ಫಿಲ್ಟರನ್ನು ಎತ್ತಿಕೊಂಡು ಎರಡು ರಿಂಗುಗಳನ್ನೂ ಬೆರಳಿಂದ ಮುಟ್ಟಿ ನೋಡಿದಳು. ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೊರಟಳು. ಅಂಗಡಿಯ ಮೆಟ್ಟಿಲ ಮೇಲೆ ಕಾಲು ತಡೆಯಿತು.

"ನೀನು ಬೀದೀಲಿ ಒಂದು ಸಲ ಅಂದೆ," ಎಂದಳು, ತಿರುಗದೆ. "ಮನೇಲಿ ನಾನು ಅವರನ್ನ ಏನೇನು ಅಂದಿದೀನಿ ಗೊತ್ತಾ ಅಮ್ಮ? ಅವರು ಉಣ್ಣೋಕೆ ಕೂತಾಗ, ಮಲಗೋಕೆ ಹೋದಾಗ... ಒಂದಕ್ಕೂ ತಿರುಗಿ ಮಾತಾಡ್ಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ, ಹೇಳು."

ಕೇಳಿದವರಿಗೆಲ್ಲ ಏನಾದರೊಂದು ಪಾಠ ಹೇಳಿಯೇ ಕಳಿಸುತ್ತಿದ್ದ ಆಕೆ ಬಾಯಿ ತೆರೆದಳು. ಮಗಳು ಮೆಟ್ಟಿಲ ಮೇಲೇ ನಿಂತು ಕಾಯುತ್ತಿದ್ದಳು.