ತೊಟ್ಟಿಲು ನಿಲ್ಲುವ ಹೊತ್ತು

ಹಣಮಂತರಾಯರಿಗೆ ಕೂತಲ್ಲಿ ಕೂಡುವ ಗುಣ ಹುಟ್ಟಿನಿಂದಲೇ ಇಲ್ಲ. ಕಾರ್ಖಾನೆಯ ಮೋಟಾರು ವಿಭಾಗದಿಂದ ನಿವೃತ್ತರಾದ ಮೇಲಂತೂ ಸಿಕಂದರಾಬಾದ್ ಪಕ್ಕದ ಮಲ್ಕಾಜ್‌ಗಿರಿಯ ಮನೆ ಅವರ ಓಡಾಟಕ್ಕೆ ಸಾಲುತ್ತಿರಲಿಲ್ಲ. ನಿಂತ ಗಡಿಯಾರ ಬಿಚ್ಚುವುದು, ಓಡುವ ಫ್ಯಾನನ್ನೂ ಬಿಚ್ಚುವುದು. ಅಂಥವರಿಗೆ ಕೊನೆಗೂ ಒಂದು ಖರೇ ಕೆಲಸ ಸಿಕ್ಕಿತ್ತು.

ಸೊಸೆ ರಶ್ಮಿಯ ಹೆರಿಗೆ ರಜೆ ಮುಗಿದಿತ್ತು. ಸೋಮವಾರ ಅವಳು ಮಾದಾಪುರದ ಸಾಫ್ಟ್‌ವೇರ್ ಕಂಪನಿಗೆ ಮರಳಲೇಬೇಕು. ತಡಮಾಡಿದರೆ ಅವಳ ಕುರ್ಚಿಯ ಮೇಲೆ ಕಣ್ಣಿಟ್ಟವರು ಬೇಕಾದಷ್ಟು ಜನ. ಆದರೆ ಮೊಮ್ಮಗಳು ಲಹರಿ ತಾಯಿ ತೂಗಿದರೆ ಮಾತ್ರ ಕಣ್ಣು ಮುಚ್ಚುವವಳು. ಅಜ್ಜಿ ಬಸಲಿಂಗಮ್ಮನ ಭುಜ ಹಿಡಿದುಕೊಂಡಿತ್ತು, ತೊಟ್ಟಿಲ ಹಗ್ಗ ಎಳೆಯಲಾರಳು. ಮಗ ಶರಣಕುಮಾರ ರೈಲ್ವೆಯವನು, ಮನೆಗಿಂತ ಗಾಡಿಯಲ್ಲಿ ಇರುವುದೇ ಹೆಚ್ಚು.

"ಮಷೀನ್ ತೂಗ್ತೈತಿ ಬಿಡ್ರಿ," ಎಂದರು ರಾಯರು. ಸಿಕಂದರಾಬಾದಿನ ರಾಣಿಗಂಜ್ ಪೇಟೆಗೆ ಹೋಗಿ ಒಂದು ಸಣ್ಣ ಮೋಟಾರು, ಅಂಗೈಯಷ್ಟು ದೊಡ್ಡ ಡಿಜಿಟಲ್ ಕಂಟ್ರೋಲರ್ ತಂದರು. ಅದರಲ್ಲಿ ಕೆಂಪು ಅಂಕಿಗಳು, ಕೆಳಗೆ ಗುಂಡಿಗಳು. ಎಷ್ಟು ವೇಗ, ಆ ವೇಗಕ್ಕೆ ಏರಲು ಎಷ್ಟು ಹೊತ್ತು, ನಿಲ್ಲಿಸಿದಾಗ ವೇಗ ಇಳಿದು ಪೂರ್ತಿ ನಿಲ್ಲಲು ಎಷ್ಟು ಹೊತ್ತು, ಎಲ್ಲವನ್ನೂ ಒತ್ತಿ ಒತ್ತಿ ಹೊಂದಿಸಬೇಕು.

ತೊಟ್ಟಿಲಿಗೆ ಮೋಟಾರು ಕಟ್ಟಿ ಗುಂಡಿ ಒತ್ತಿದ್ದೇ ತಡ, ಬಸಲಿಂಗಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಖಾಲಿ ತೊಟ್ಟಲಾ ತೂಗಬ್ಯಾಡ್ರಿ! ಕೂಸಿಗೆ ಚಲೋ ಅಲ್ಲ."

"ತೂಗದ ಸೆಟ್ಟಿಂಗ್ ಹ್ಯಾಂಗ ಮಾಡ್ಲಿ? ನೀನ ಕುಂದರ್ತೀಯೇನು ಒಳಗ?"

ಅವಳು ಒಳಗಿನಿಂದ ಗುಂಡುಕಲ್ಲು ಉರುಳಿಸುತ್ತ ತಂದಳು. ಹೆಸರಿಡುವ ದಿನ ಕುಲಾವಿ ತೊಡಿಸಿ, ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸಿದ್ದ ಅದೇ ಕಲ್ಲು. "ತಗೋರಿ, ಈ ಗುಂಡಪ್ಪ ನಿಮ್ಮ ಮಾತು ಕೇಳ್ತಾನ."

ಗುಂಡಪ್ಪ ನಿಜಕ್ಕೂ ಕೇಳಿದ. ರಾಯರು ಶನಿವಾರವಿಡೀ ಅಂಕಿ ಏರಿಸಿದರು, ಇಳಿಸಿದರು, ಎದ್ದರು, ಕೂತರು. ಸಂಜೆಗೆ ಕಲ್ಲು ಸುಖವಾಗಿ ತೂಗಾಡುತ್ತಿತ್ತು.

ಭಾನುವಾರ ಬೆಳಿಗ್ಗೆ ಲಹರಿಯನ್ನು ಮಲಗಿಸಿ ಗುಂಡಿ ಒತ್ತಿದರು. ಕಲ್ಲು ಎಳೆದು ರೂಢಿಯಾದ ಮೋಟಾರಿಗೆ ಹಗುರಾದ ಕೂಸು ಯಾವ ಲೆಕ್ಕ? ತೊಟ್ಟಿಲು ರೊಯ್ಯನೆ ಹಾರಿತು. ಲಹರಿ ಉಸಿರು ಕಟ್ಟುವಂತೆ ಕಿರುಚಿದಳು. ರಶ್ಮಿ ಓಡಿಬಂದು ಕೂಸನ್ನು ಎದೆಗೆ ಅವಚಿಕೊಂಡಳು.

"ಸಾಕು ಮಾವಾರ. ನಾ ಕೆಲಸಾನ ಬಿಟ್ಟುಬಿಡ್ತೀನ್ರಿ."

ಆ ಮಾತು ರಾಯರಿಗೆ ನಾಟಿತು. ಕೆಲಸ ಸಿಕ್ಕ ದಿನ ಈ ಹುಡುಗಿ ಓಣಿಗೆಲ್ಲ ಪೇಢೆ ಹಂಚಿದ್ದನ್ನು ಕಂಡವರು ಅವರು. ತಮ್ಮ ಕಲ್ಲಿನ ಲೆಕ್ಕದಿಂದ ಆ ಕೆಲಸ ಹೋಗಬಾರದು. ಕೂಸನ್ನು ಎತ್ತಿಕೊಂಡು ತೂಕ ಅಂದಾಜು ಮಾಡಿದರು, ಅಷ್ಟೇ ಭಾರದ ಜೋಳದ ಗಂಟು ಕಟ್ಟಿ ತೊಟ್ಟಿಲಲ್ಲಿಟ್ಟರು, ಮೊದಲಿನಿಂದ ಶುರುಮಾಡಿದರು. ಊಟಕ್ಕೆ ಕರೆದರೆ ಸಿಡುಕಿದರು. ವೇಗ ಅರ್ಧಕ್ಕೆ ಇಳಿಯಿತು. ಮಧ್ಯಾಹ್ನ ಲಹರಿ ಆ ತೂಗಾಟಕ್ಕೆ ಕಣ್ಣು ಮುಚ್ಚಿದಳು, ಆದರೆ ತೊಟ್ಟಿಲು ನಿಂತೊಡನೆ ಬೆಚ್ಚಿ ಎದ್ದಳು. ರಾಯರು ನಿಲ್ಲುವ ಹೊತ್ತನ್ನು ಹೆಚ್ಚಿಸುತ್ತ ಹೋದರು. ಸಂಜೆ, ಹಗ್ಗ ಎಳೆಯುವವರಿಗೇ ತೂಕಡಿಕೆ ಬಂದಂತೆ, ತೊಟ್ಟಿಲು ನಿಧಾನಕ್ಕೆ, ಇನ್ನೂ ನಿಧಾನಕ್ಕೆ ಆಗಿ ನಿಂತಿತು. ಲಹರಿ ಮಿಸುಕಲಿಲ್ಲ.

ರಾಯರು ಶಹಬ್ಬಾಸ್‌ಗಿರಿಗಾಗಿ ತಿರುಗಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ರಶ್ಮಿಯ ಕಣ್ಣು ತುಂಬಿತ್ತು.

"ಮಲಕೊಂಡ್ಳಲ್ರಿ," ಎಂದಳು. ಆಮೇಲೆ ಮೆಲ್ಲಗೆ, "ನಾ ಇಲ್ದಿದ್ರೂ."

ರಾಯರಿಗೆ ಏನೂ ತಿಳಿಯಲಿಲ್ಲ. ಮಲಗದಿದ್ದರೂ ಅಳು, ಮಲಗಿದರೂ ಅಳು, ಇದ್ಯಾವ ನಮೂನೆ ಎಂದು ಹೆಂಡತಿಯ ಮುಂದೆ ಗೊಣಗಿದರು. "ನಿಮಗ ಮೋಟಾರ್ ಅಷ್ಟ ತಿಳೀತೈತಿ," ಎಂದಳು ಬಸಲಿಂಗಮ್ಮ.

ಸೋಮವಾರ ಕಂಪನಿಯ ಕ್ಯಾಬ್‌ನಲ್ಲಿ ರಶ್ಮಿ ಹೋದಳು. ಸಿಕಂದರಾಬಾದ್ ದಾಟುವ ಮೊದಲೇ ಫೋನು. ಆಫೀಸು ಮುಟ್ಟಿ ಮತ್ತೆ ಫೋನು.

"ಅಳಾಕತ್ತಾಳೇನ್ರಿ ಮಾವಾರ?"

"ಇಲ್ಲವಾ, ಆರಾಮ ಮಲಕೊಂಡಾಳ."

"ನನ್ನ ಹುಡುಕಿದ್ಲೇನ್ರಿ?"

"ಏ, ಇಲ್ಲ ಇಲ್ಲ! ನೀ ಚಿಂತಿ ಬಿಟ್ಟು ಕೆಲಸ ಮಾಡು."

ಆಮೇಲೆ ಫೋನು ಬರಲಿಲ್ಲ. ರಾಯರು ರಿಸೀವರ್ ಎತ್ತಿ ನೋಡಿದರು, ಸರಿಯಾಗೇ ಇತ್ತು. ತೊಟ್ಟಿಲಿನಿಂದ ಗೇಟಿಗೆ, ಗೇಟಿನಿಂದ ತೊಟ್ಟಿಲಿಗೆ ತಿರುಗಿದರು. ಹುಡುಕಿದಳೇ ಎಂದು ಕೇಳಿದ ಆ ದನಿ ಕಿವಿಯಿಂದ ಹೋಗುತ್ತಿರಲಿಲ್ಲ. ಹೌದು ಎನ್ನಬೇಕಿತ್ತು ಎಂದು ತಡವಾಗಿ ಹೊಳೆದು, ತಮ್ಮ ಮೇಲೆ ತಮಗೇ ಸಿಟ್ಟು ಬಂತು.

ಸಂಜೆ ಓಣಿಯ ತಿರುವಿನಲ್ಲಿ ಕ್ಯಾಬ್‌ನ ಹಾರ್ನ್ ಕೇಳಿಸಿತು. ತೊಟ್ಟಿಲು ಹದವಾಗಿ ತೂಗುತ್ತಿತ್ತು, ಲಹರಿ ಗಾಢ ನಿದ್ದೆಯಲ್ಲಿದ್ದಳು. ರಾಯರು ಬಗ್ಗಿ, ನಿಲ್ಲುವ ಹೊತ್ತಿನ ಅಂಕಿಯನ್ನು ಒತ್ತಿ ಒತ್ತಿ ಸೊನ್ನೆಗೆ ತಂದರು. ಗೇಟು ಕಿರ್ ಎಂದಾಗ ನಿಲ್ಲಿಸುವ ಗುಂಡಿ ಒತ್ತಿದರು.

ತೊಟ್ಟಿಲು ತಟ್ಟನೆ ನಿಂತಿತು. ಲಹರಿ ಕಣ್ಣು ಬಿಟ್ಟಳು, ತುಟಿ ಸೊಟ್ಟ ಮಾಡಿದಳು, ಓಣಿಗೆಲ್ಲ ಕೇಳುವಂತೆ ಅತ್ತಳು.

ರಶ್ಮಿ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿಬಂದಳು. "ಏನಾತ್ರಿ ಮಾವಾರ?"

"ಮಷೀನ್ ಕೈ ಕೊಡ್ತು ನೋಡವಾ. ನಿನ್ನ ಬಿಟ್ರ ಆಕಿ ಯಾರಿಗೂ ಬಗ್ಗಂಗಿಲ್ಲ."

ಎತ್ತಿಕೊಂಡದ್ದೇ ಕೂಸು ಸುಮ್ಮನಾಯಿತು, ತಾಯಿಯ ಕೊರಳಿಗೆ ಮುಖ ಒತ್ತಿತು. ರಶ್ಮಿ ಅಳುತ್ತಲೇ ನಕ್ಕಳು. "ನಾ ಬಂದೀನಿ, ನಾ ಬಂದೀನಿ," ಎನ್ನುತ್ತ ಒಳಕೋಣೆಗೆ ಹೋದಳು.

ಬಸಲಿಂಗಮ್ಮ ಕೆಂಪು ಸೊನ್ನೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಚಹಾ ತಂದು ಪಕ್ಕದಲ್ಲಿಟ್ಟಳು. ರಾಯರು ತೊಟ್ಟಿಲ ಬಳಿ ಕುಕ್ಕರಗಾಲಲ್ಲಿ ಕೂತು, ನಾಳೆ ಬೆಳಗಿಗೆಂದು ಅಂಕಿಯನ್ನು ಮತ್ತೆ ಏರಿಸತೊಡಗಿದರು.