ಕಾಯಬಾರದ ಟ್ರಾಮ್

ಶೆಫೀಲ್ಡಿನಲ್ಲಿ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಗ್ಲೆನಿಸ್‌ಗೆ ಒಂದು ಕೆಟ್ಟ ಚಾಳಿಯಿತ್ತು: ಓಡಿಬರುವವರನ್ನು ಕಂಡರೆ ಕಾಯುತ್ತಿದ್ದಳು. ಕೆಟ್ಟದ್ದು ಎಂದವರು ಟ್ರಾಮಿನವರು. ಬಸ್ಸಿನವರು ಅದನ್ನು ಮನುಷ್ಯತ್ವ ಎನ್ನುತ್ತಿದ್ದರು. ಅವಳ ಬಸ್ಸಿನ ದಾರಿಯೇ ರದ್ದಾದ ಮೇಲೆ, ಐವತ್ತಮೂರನೆಯ ವಯಸ್ಸಿನಲ್ಲಿ ಟ್ರಾಮ್ ಕಲಿಯಲು ಬಂದಳು. ಎರಡು ಸಲ ಪರೀಕ್ಷೆಯಲ್ಲಿ ಫೇಲಾದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಇವತ್ತಿನದು ಮೂರನೆಯದು, ಕೊನೆಯದು.

"ಒಂದು ಗಾಡಿ ನಿಂತ್ರೆ ಹಿಂದಿನವೆಲ್ಲಾ ನಿಲ್ತವೆ ತಾಯಿ," ಎಂದ ಬೆನ್ನ ಹಿಂದೆ ಕೂತ ಪರೀಕ್ಷಕ ನಾರಿಸ್. "ಹಳಿ ಬಿಟ್ಟು ಪಕ್ಕಕ್ಕೆ ಹೋಗೋಕೆ ಇದು ನಿನ್ನ ಬಸ್ಸಲ್ಲ. ಸಿಗ್ನಲ್ಲಿನ ಬಿಳಿ ದೀಪ ಬಿತ್ತಾ, ಹೊರಡು. ನಿಮ್ಮಜ್ಜಿ ಓಡಿಬಂದ್ರೂ ಹೊರಡು."

"ನಮ್ಮಜ್ಜಿ ಎಲ್ಲಿ ಓಡ್ತಿದ್ಲು ಮಾರಾಯ, ನಿಂತಲ್ಲಿಂದ್ಲೇ ಬೈದು ನಿಲ್ಲಿಸ್ತಿದ್ಲು."

ಇಬ್ಬರೂ ನಕ್ಕರು. ಹೋದ ಸಲ ಅವಳು ಫೇಲಾಗಿದ್ದು ವಿಲ್ಫ್ ಆಕ್ಸ್‌ಲಿಗಾಗಿ. ಎಂಬತ್ತೊಂದರ ಮುದುಕ, ಅವಳ ಬಸ್ಸಿನ ಹಳೆಯ ಗಿರಾಕಿ. ಅವನ ಹೆಂಡತಿ ಹೆಟ್ಟಿ ಈ ಟ್ರಾಮಿನ ಕೊನೆಯ ನಿಲ್ದಾಣವಾದ ಮಿಡಲ್‌ವುಡ್‌ನ ಆರೈಕೆಮನೆಯಲ್ಲಿದ್ದಾಳೆ. ಮಧ್ಯಾಹ್ನದ ಊಟ ಅವನ ಕೈಯಿಂದ ಬಿಟ್ಟರೆ ಯಾರ ಕೈಯಿಂದಲೂ ತಿನ್ನುವುದಿಲ್ಲ. ಅವನಿಗಾಗಿ ಇಡೀ ಒಂದು ನಿಮಿಷ ಬಾಗಿಲು ತೆರೆದಿಟ್ಟಿದ್ದಳು. ಆಮೇಲೆ ಸಂಗತಿ ತಿಳಿದು, "ನನ್ನಿಂದ್ಲಾ ಮಗಳೇ?" ಎಂದು ಕೇಳಿದ್ದ. "ಇಲ್ಲ ತಾತ, ನನ್ನ ಹಾಳು ಬುದ್ಧಿಯಿಂದ," ಎಂದಿದ್ದಳು.

ಇವತ್ತು ಅದೇ ನಿಲ್ದಾಣ, ಅದೇ ಹೊತ್ತು. ಹತ್ತುವವರು ಹತ್ತಿದರು. ಬಾಗಿಲು ಮುಚ್ಚಿತು. ಅಷ್ಟರಲ್ಲಿ ಎದುರಿನ ಇಳಿಜಾರಿನಲ್ಲಿ ವಿಲ್ಫ್ ಕಾಣಿಸಿದ, ಕೋಲೂರಿಕೊಂಡು, ಕೋಟು ಹಾರಿಸಿಕೊಂಡು, ಓಟವೂ ಅಲ್ಲದ ನಡಿಗೆಯೂ ಅಲ್ಲದ ಆ ಅವಸರದಲ್ಲಿ. ಗ್ಲೆನಿಸ್‌ಳ ಬೆರಳು ತಾನಾಗಿ ಬಾಗಿಲ ಗುಂಡಿಯ ಮೇಲೆ ಹೋಯಿತು. ಬಿಳಿ ದೀಪ ಬಿತ್ತು.

ವಿಲ್ಫ್ ತಲೆಯೆತ್ತಿ ನೋಡಿದ. ಚಾಲಕಿಯನ್ನೂ ಕಂಡ, ಅವಳ ಹಿಂದೆ ಕಾಗದ ಹಿಡಿದು ಕೂತವನನ್ನೂ ಕಂಡ. ಅಲ್ಲೇ ನಿಂತುಬಿಟ್ಟ. ಟ್ರಾಮಿಗೆ ಬೆನ್ನು ಹಾಕಿ, ಪಕ್ಕದ ಮಾಂಸದಂಗಡಿಯತ್ತ ತಿರುಗಿ, ಯಾವ ತುಂಡು ಕೊಳ್ಳಲಿ ಎನ್ನುವವನ ಹಾಗೆ ನೋಡತೊಡಗಿದ.

ಅವಳು ಗಂಟೆ ಹೊಡೆದು ಹೊರಟಳು. ಕಣ್ಣು ಮಂಜಾದರೂ ಕೈ ತಪ್ಪಲಿಲ್ಲ.

ಮಿಡಲ್‌ವುಡ್‌ನಲ್ಲಿ ನಾರಿಸ್ ಸಹಿ ಹಾಕಿದ. "ಪಾಸು. ಅಲ್ಲಾ, ಆ ಮುದುಕಪ್ಪ ಯಾರು? ಆ ಅಂಗಡಿ ಮುಚ್ಚಿ ತಿಂಗಳಾಯ್ತು. ಬರೀ ಶಟರ್ ನೋಡ್ಕೊಂಡು ನಿಂತಿದ್ದ."

ಗ್ಲೆನಿಸ್ ಬಿಕ್ಕಿ ಬಿಕ್ಕಿ ಅತ್ತಳು. ನಾರಿಸ್ ಸಂತೋಷಕ್ಕೆ ಎಂದುಕೊಂಡ.

ಹನ್ನೆರಡು ನಿಮಿಷಕ್ಕೆ ಹಿಂದಿನ ಟ್ರಾಮ್ ಬಂತು. ವಿಲ್ಫ್ ಇಳಿದವನೇ ದೂರದಿಂದಲೇ ಹುಬ್ಬು ಹಾರಿಸಿದ. ಅವಳು ಪಾಸಾಯಿತೆಂದು ತಲೆಯಾಡಿಸಿದಳು.

"ನಂಗೊತ್ತಿತ್ತು!" ಎಂದು ಕೂಗಿದ. "ನಿಲ್ಲೋಕೆ ಪುರುಸೊತ್ತಿಲ್ಲ ಮಗಳೇ, ಹೆಟ್ಟಿ ಹಸ್ಕೊಂಡಿರ್ತಾಳೆ."