ನೀಲಿ ಬಾನಿಗೆ ಒಂದು ಸುಳ್ಳು

ಕುಕನೂರಿನ ನನ್ನ ಗಂಡನ ಮನೆಯಲ್ಲಿ ಎಲ್ಲರಿಗಿಂತ ಹಿರಿಯದು ನೀಲಿ ಬಾನಿ. ನೂಲಿಗೆ ನೀಲಿ ಹಾಕುವ ಆ ದೊಡ್ಡ ಮಣ್ಣಿನ ಪಾತ್ರೆಯನ್ನು ಮಾವನ ಅಜ್ಜ ಹಿತ್ತಲ ಕೋಣೆಯಲ್ಲಿ ಕುತ್ತಿಗೆಮಟ್ಟ ಹೂತಿದ್ದನಂತೆ. ಅಂದಿನಿಂದ ಯಾರೂ ಅದನ್ನು ಪೂರ್ತಿ ಬರಿದು ಮಾಡಿರಲಿಲ್ಲ. ಹಳೆಯ ನೀರಿಗೇ ಹೊಸ ನೀರು, ನೀಲಿ ಬಿಲ್ಲೆ, ಸುಣ್ಣ, ಬೇಯಿಸಿದ ತಗಚಿ ಬೀಜ ಸೇರಿಸುತ್ತ ಬಂದಿದ್ದರು, ಹೆಪ್ಪು ಉಳಿಸಿಕೊಂಡು ಮೊಸರು ಮಾಡುವ ಹಾಗೆ. ಅದಕ್ಕೆ ಜೀವ ಇದೆ ಎಂದು ಅವರೆಲ್ಲರ ನಂಬಿಕೆ. ಸುಣ್ಣ ಕೊಡುವವರು ಬಾಯಿ ಮುಚ್ಚಿಕೊಂಡು ಕೊಡಬೇಕು, ಕೊಟ್ಟೆನೆಂದು ಯಾರಿಗೂ ಹೇಳಬಾರದು, ಹೇಳಿದರೆ ಬಾನಿಗೆ ದೃಷ್ಟಿಯಾಗುತ್ತದೆ. ಅತ್ತೆ ಕಳಕಮ್ಮನವರು ನನ್ನನ್ನು ಮನೆ ತುಂಬಿಸಿಕೊಂಡ ದಿನವೇ ಈ ಮಾತನ್ನು ಕಿವಿಗೆ ಹಾಕಿದ್ದರು.

ಬಾನಿಯ ಜೀವ ಅಳೆಯುವುದಕ್ಕೆ ಒಂದು ಹತ್ತಿಯ ಎಳೆ ಸಾಕು. ಅದ್ದಿ ತೆಗೆದಾಗ ಎಳೆ ಹಸಿರಾಗಿ ಬಂದು, ಗಾಳಿ ತಾಗುತ್ತಲೇ ನೀಲಿಗೆ ತಿರುಗಿದರೆ ಬಾನಿ ಎದ್ದಿದೆ ಎಂದರ್ಥ. ಕೆಸರು ಬಣ್ಣದಲ್ಲೇ ಉಳಿದು, ತೊಳೆದರೆ ಬಿಟ್ಟುಹೋದರೆ ಮಲಗಿದೆ. ಮಾವ ವಿರೂಪಾಕ್ಷಪ್ಪನವರು ಬೆರಳಲ್ಲಿ ತೆಗೆದು ನೆಕ್ಕಿಯೂ ನೋಡುತ್ತಿದ್ದರು. ಹೊಸದರಲ್ಲಿ ಅದನ್ನು ಕಂಡರೆ ನನಗೆ ವಾಕರಿಕೆ ಬರುತ್ತಿತ್ತು.

ನಾನು ಆ ಮನೆಗೆ ಬಂದದ್ದು ದೀಪಾವಳಿ ಮುಗಿದ ಮೇಲೆ. ಬಾನಿ ಮಲಗಿದ್ದು ಆ ಚಳಿಗಾಲದಲ್ಲೇ. ಇನ್ನು ಕೇಳಬೇಕೆ? ಚಳಿಗೆ ಯಾರೂ ಏನೂ ಅನ್ನಲಿಲ್ಲ, ನನ್ನ ಕಾಲ್ಗುಣಕ್ಕೆ ಅಂದರು. ಅದೂ ಎಂಥ ಹೊತ್ತು! ಯುದ್ಧದಿಂದಾಗಿ ಜರ್ಮನಿಯ ಬಣ್ಣದ ಡಬ್ಬಿಗಳು ಬರುವುದು ನಿಂತಿತ್ತು. ನಮ್ಮನ್ನು ಮರೆತೇಬಿಟ್ಟಿದ್ದ ನೇಕಾರರು ಮತ್ತೆ ನಮ್ಮ ಕಟ್ಟೆಗೆ ಬಂದು ಕೂತಿದ್ದರು. ಅನ್ನ ಬಾಗಿಲಿಗೆ ಬಂದಾಗಲೇ ಬಾನಿ ಮಲಗಿತ್ತು.

ಅತ್ತೆ ಕೂಗಾಡುವ ಹೆಂಗಸಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ, “ಪಾರಮ್ಮ, ಬಾನಿ ಏಳೂತನಕಾ ನೀ ಹುಲಿಗಿಗೆ ಹೋಗಿರು. ನಿಮ್ಮವ್ವಗೂ ನಿನ್ನ ನೋಡಿದಂಗ ಆಕ್ಕೈತಿ” ಎಂದರು. ಹಾಗೆ ತವರಿಗೆ ಹೋದವರಲ್ಲಿ ಎಷ್ಟು ಜನ ತಿರುಗಿ ಬಂದಿದ್ದಾರೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನನ್ನ ಗಂಡ ಅಯ್ಯಪ್ಪ ರೊಟ್ಟಿಯ ಮೇಲೆ ಬಗ್ಗಿಕೊಂಡು ಕೂತಿದ್ದ. ಒಳ್ಳೆಯವನೇ, ಆದರೆ ಅವ್ವನ ಮುಂದೆ ಅವನ ಬಾಯಿಗೆ ಬೀಗ. ನನಗೆ ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮಾವ ಮಾತ್ರ, “ತಡಿ, ಮೊದಲ ಸುಳ್ಳು ಬಿಟ್ಟು ನೋಡೂಣು” ಎಂದರು.

ಅದೊಂದು ಬಣ್ಣಗಾರರ ನಂಬಿಕೆ. ಬಾನಿ ಕೆಟ್ಟರೆ ಊರಿಗೆ ಒಂದು ದೊಡ್ಡ ಸುಳ್ಳು ಬಿಡಬೇಕು. ಊರು ಅದನ್ನು ನಂಬಿ ಬಾಯಿಂದ ಬಾಯಿಗೆ ದಾಟಿಸಿದಂತೆಲ್ಲ ಬಾನಿಗೆ ಉಸಿರು ಬರುತ್ತದಂತೆ. ಆದರೆ ನಮ್ಮ ಮಾವ ಸುಳ್ಳಿನ ಕಸುಬು ಅರಿಯದ ಮನುಷ್ಯ. ಎರಡು ದಿನ ಕಂಬಕ್ಕೆ ಒರಗಿ ಯೋಚಿಸಿ, ಸಂತೆಗೆ ಹೋಗಿ, ಚಹಾದ ಅಂಗಡಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು ಹೇಳಿದರಂತೆ: “ತುಂಗಭದ್ರಾ ಹೊಳಿಗೆ ಅಡ್ಡ ಗ್ವಾಡಿ ಕಟ್ತಾರಂತ್ರೆಪಾ. ನೀರು ಕಾಲುವಿ ಹಿಡಕೊಂಡು ಗಂಗಾವತಿ ಹೊಲಕ್ಕ ಹೋಗ್ತೈತಂತ.”

ಸಂತೆಯೇ ನಕ್ಕಿತು. ಹೊಳೆಯನ್ನು ಕಟ್ಟಿಹಾಕಲು ಅದೇನು ಎಮ್ಮೆಯೇ ಎಂದು ಯಾರೋ ಕೇಳಿದರು. ಅಲ್ಲೇ ಚಹಾ ಕುಡಿಯುತ್ತಿದ್ದ ಯಲಬುರ್ಗಾ ಕಚೇರಿಯ ಗುಮಾಸ್ತನೊಬ್ಬ ಮಾತ್ರ ನಗಲಿಲ್ಲ. “ನಗಬ್ಯಾಡ್ರಿ, ಅಳತಿ ಮಾಡಿ ಮುಗಿಸ್ಯಾರ. ಯಜಮಾನ್ರು ಹೇಳೂದು ಖರೇ ಐತಿ” ಎಂದ.

ಮಾವ ಸಪ್ಪೆ ಮುಖ ಹೊತ್ತು ಮನೆಗೆ ಬಂದರು. ಅತ್ತೆ ಎಲ್ಲವನ್ನೂ ಕೇಳಿ, “ಜನ್ಮದಾಗ ಒಂದ ಸುಳ್ಳು ಹೇಳಾಕ ಹೋಗಿ, ಅದನ್ನೂ ಖರೇ ಮಾಡ್ಕೊಂಡ ಬಂದ್ರಿ” ಎಂದವರೇ ಒಳಗೆ ಹೋಗಿ ನನ್ನ ಸೀರೆಗಳನ್ನು ಒಂದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದರು. ಮರುದಿನ ಬೆಳಿಗ್ಗೆ ಬಂಡಿ ಹೊರಡುವುದೆಂದು ಗೊತ್ತಾಯಿತು.

ಸಂಜೆ ನೇಕಾರರ ಮನೆಯ ಯಮನೂರಮ್ಮ ಬಾಗಿಲಿಗೆ ಬಂದಳು. ಬಾನಿ ಹೇಗಿದೆ, ನೂಲು ತರಬಹುದೋ, ಇಲ್ಲವಾದರೆ ಬೇರೆ ಊರಿಗೆ ಒಯ್ಯುತ್ತೇವೆ ಎಂದು ಕೇಳಿದಳು. ಅತ್ತೆ ಉತ್ತರ ಹುಡುಕುತ್ತಿದ್ದರು. ಒಳಗೆ ನನ್ನ ಗಂಟು ಗೋಡೆಗೆ ಒರಗಿ ಕೂತಿತ್ತು. ಅದನ್ನು ನೋಡಿದ್ದೇ ತಡ, ಸತ್ಯದ ತಲೆ ಮೇಲೆ ಹೊಡೆದಂತೆ ನಾನು ಹೇಳಿಬಿಟ್ಟೆ: “ಬಾನಿ ಎದ್ದೈತಿ ಯಮನೂರಕ್ಕ. ಇಂಥಾ ನೀಲಿ ನಾ ಎಂದೂ ನೋಡಿಲ್ಲ. ನಾಡದು ನೂಲು ತಗೊಂಡ ಬರ್ರಿ.”

ಯಮನೂರಮ್ಮ ಖುಷಿಯಿಂದ ಹೋದಳು. ಅವಳ ಬಾಯಿಗೆ ಬಿದ್ದದ್ದು ದೀಪ ಹಚ್ಚುವಷ್ಟರಲ್ಲಿ ನೇಕಾರರ ಓಣಿ ಪೂರ್ತಿ ಸುತ್ತುತ್ತದೆಂದು ಎಲ್ಲರಿಗೂ ಗೊತ್ತು.

ಅತ್ತೆ ಗೋಡೆ ಹಿಡಿದು ಕೂತರು. “ಮನಿ ಮಾನ ಸಂತಿಗಿ ಇಟ್ಟೆಲ್ಲಬೇ” ಎಂದರು. ಬಯ್ಯುವ ತ್ರಾಣವೂ ಅವರಿಗೆ ಉಳಿದಿರಲಿಲ್ಲ. ಎದೆ ಹಗುರಾಗಲೆಂದು ಎಲೆ ಅಡಿಕೆಯ ತಟ್ಟೆ ಎಳೆದುಕೊಂಡರು. ಎಲೆಗೆ ಸುಣ್ಣವಿರಲಿಲ್ಲ. “ಅಯ್ಯಪ್ಪ, ಸುಣ್ಣದ ಗಡಿಗಿ ತಗೊಂಡ ಬಾ” ಎಂದರು.

ಅಯ್ಯಪ್ಪ ಗಡಿಗೆ ತಂದು ಬೋರಲು ಹಾಕಿ ತೋರಿಸಿದ. ಯುಗಾದಿವರೆಗೆ ಬರಬೇಕಿದ್ದ ಸುಣ್ಣ ತಳಕ್ಕೆ ಹತ್ತಿತ್ತು.

“ಯಾರ ಮುಗಿಸಿದ್ರು ಇದನ್ನ?” ಎಂದರು ಅತ್ತೆ.

ಮಾವ ಸೂರು ನೋಡಿದರು. ಅಯ್ಯಪ್ಪ ಕಾಲ ಬೆರಳು ನೋಡಿಕೊಂಡ. ಕೊನೆಗೆ ಮಾವನೇ, “ಬಾನಿ ಮಲಗಿತಲ್ಲ ಅಂತ ನಾ ದಿನಾ ಮುಂಜಾನೆ ಒಂದು ಬೊಗಸಿ ಹಾಕೀನಿ” ಎಂದರು. ಅಯ್ಯಪ್ಪ ಮೆಲ್ಲಗೆ, “ನಾನೂ ಹಾಕೀನಿ ಅಪ್ಪಾ, ಸಂಜಿಮುಂದ” ಎಂದ. ಅತ್ತೆ ತಟ್ಟೆಯ ಮೇಲಿನ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ನೀವಿಬ್ಬರೂ ಮರತೀರಿ ಅಂತ ಮಧ್ಯಾಹ್ನ ನಾನೂ ಹಾಕ್ತಿದ್ದೆ” ಎಂದರು.

ನನಗೆ ಮೊದಲು ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು. ಕಾಲ್ಗುಣವಂತೆ ಕಾಲ್ಗುಣ! ಬಾಯಿ ಮುಚ್ಚಿಕೊಂಡು ಬಾನಿಯನ್ನು ಉಳಿಸಲು ಹೋದ ಮೂವರೂ ಸೇರಿ ಮೂರು ಪಾಲು ಸುಣ್ಣ ಸುರಿದು ಅದರ ಉಸಿರು ಕಟ್ಟಿಸಿದ್ದರು. ಎದೆಯ ಮೇಲಿನ ಕಲ್ಲು ಆಗಲೇ ಅರ್ಧ ಸರಿದಿತ್ತು. ಬಾನಿ ಏಳುವುದೊಂದೇ ಬಾಕಿ.

ಹುಲಿಗಿಯಲ್ಲಿ ನಮ್ಮವ್ವ, ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಬರುವವರಿಗೆ ಜೋಳದ ಹುಳಿ ಅಂಬಲಿ ಮಾಡಿ ಮಾರುತ್ತಿದ್ದಳು. ಗಡಿಗೆಗೆ ಕಿವಿ ಕೊಟ್ಟು, ಒಳಗಿನ ಗುಳುಗುಳು ಕೇಳಿಯೇ ಹುಳಿ ಎಷ್ಟು ಬಂದಿದೆ ಎಂದು ಹೇಳುವುದು ಅವಳ ರೂಢಿ. ಗುಳುಗುಳು ಇದ್ದಲ್ಲಿ ಜೀವ ಇದೆ ಎನ್ನುತ್ತಿದ್ದಳು. ನನಗೆ ಗೊತ್ತಿದ್ದದ್ದು ಅಷ್ಟೇ. ಸುಣ್ಣ ಹೆಚ್ಚಾದರೆ ಹುಳಿ ಹಾಕಬೇಕು, ಮಲಗಿದ್ದಕ್ಕೆ ಉಣ್ಣಲು ಕೊಡಬೇಕು ಎಂದು ಹೊಳೆಯಿತು.

“ಹುಳಿ ಅಂಬಲಿ ಸುರುವ್ಲೇನ್ರಿ ಮಾವಾರ?” ಎಂದು ಕೇಳಿದೆ.

“ಸುರುವು. ಸತ್ತದ್ದು ಇನ್ನೇನು ಸಾಯ್ತೈತಿ” ಎಂದರು ಮಾವ.

ಅತ್ತೆ ಬೇಡವೆನ್ನಲಿಲ್ಲ. ಯಮನೂರಮ್ಮನಿಗೆ ಮಾತು ಕೊಟ್ಟವಳು ಮನೆಯಲ್ಲೇ ಇರಲಿ, ಬಯ್ಗುಳ ತಿನ್ನಲಾದರೂ ಬೇಕು ಎಂದು ಬಂಡಿಯನ್ನು ನಿಲ್ಲಿಸಿದರು. ಗಂಟನ್ನು ಮಾತ್ರ ಬಿಚ್ಚಲಿಲ್ಲ.

ಮನೆಯಲ್ಲಿದ್ದ ಅಂಬಲಿಯ ಜೊತೆಗೆ ಓಣಿಯವರಲ್ಲಿ ಕೇಳಿ ತಂದ ಅಂಬಲಿಯನ್ನೂ ಬೆಲ್ಲ ಕದಡಿ ಬಾನಿಗೆ ಸುರಿದೆವು. ಸುತ್ತ ಹೊಟ್ಟು ಒತ್ತಿ, ಮೇಲೆ ಕಂಬಳಿ ಹೊದಿಸಿ ಬೆಚ್ಚಗೆ ಮಾಡಿದೆವು. ಮರುದಿನವೆಲ್ಲ ನಾನು ಬಾನಿಯ ಬಾಯಿಗೆ ಕಿವಿ ಕೊಟ್ಟದ್ದೇ ಕೊಟ್ಟದ್ದು. ಏನೂ ಇಲ್ಲ. ಸಂಜೆಗೆ ಅಯ್ಯಪ್ಪ ಅದ್ದಿದ ಎಳೆ ಕೆಸರಾಗಿಯೇ ಬಂತು. ಅವನು ಅದನ್ನು ಅವ್ವನಿಗೆ ಕಾಣದಂತೆ ಕಿಸೆಗೆ ಹಾಕಿಕೊಂಡ. ಮದುವೆಯಾದ ಮೇಲೆ ಅವನು ನನಗಾಗಿ ಮಾಡಿದ ಮೊದಲ ಧೈರ್ಯದ ಕೆಲಸ ಅದು.

ಯಮನೂರಮ್ಮ ಬರುವ ದಿನ ಬೆಳಕಾಗುತ್ತಲೇ ನಾನು ಮತ್ತೆ ಕಿವಿ ಕೊಟ್ಟೆ. ಒಳಗೆ ಯಾರೋ ಪಿಸುಗುಟ್ಟಿದಂತಿತ್ತು. ಉಸಿರು ಬಿಗಿಹಿಡಿದು ಕೇಳಿದೆ. ಗುಳುಕ್, ಸ್ವಲ್ಪ ತಡೆದು ಮತ್ತೊಂದು ಗುಳುಕ್. ಕಂಬಳಿ ಸರಿಸಿದರೆ ನೀರಿನ ಮೇಲೆ ತಾಮ್ರದ ಬಣ್ಣದ ಕೆನೆ ಕಟ್ಟಿತ್ತು. ಮಾವ ಬೆರಳದ್ದಿ ನೆಕ್ಕಿ ಕಣ್ಣು ಮುಚ್ಚಿದರು. ಅಯ್ಯಪ್ಪ ಹತ್ತಿಯ ಎಳೆ ಹುಡುಕಲು ಓಡಿದ.

ಅಷ್ಟರಲ್ಲಿ ಅತ್ತೆ ನನ್ನ ಗಂಟು ಹಿಡಿದು ಬಂದರು. ಬಂಡಿ ಹೂಡಿಸುತ್ತಾರೆಂದುಕೊಂಡೆ. ಅವರು ನೆಲಕ್ಕೆ ಕೂತು ಹಲ್ಲಿನಿಂದ ಗಂಟು ಬಿಚ್ಚಿ, ಸೀರೆಗಳನ್ನು ನನ್ನ ಮಡಿಲಿಗೆ ಸುರಿದು, ಆ ಬಿಳಿ ಬಟ್ಟೆಯನ್ನು ಇಡಿಯಾಗಿ ಬಾನಿಯಲ್ಲಿ ಮುಳುಗಿಸಿದರು. ಒಂದಿಷ್ಟು ಹೊತ್ತು ಬಿಟ್ಟು ಹಿಂಡಿ ಎತ್ತಿದಾಗ ಅದು ಎಳೆ ಗರಿಕೆಯ ಹಸಿರು. ಓಡಿಬಂದ ಅಯ್ಯಪ್ಪನೂ ಸೇರಿ ನಾಲ್ವರೂ ಅದನ್ನೇ ನೋಡುತ್ತ ನಿಂತೆವು. ಮೊದಲು ಅಂಚು ನೀಲಿಯಾಯಿತು, ಆಮೇಲೆ ನಡು, ಕೊನೆಗೆ ಅತ್ತೆಯ ಬೆರಳುಗಳು. ಮಾವನ ಮುಂದೆ ಎಂಬುದನ್ನೂ ಮರೆತು ನಾನು ಗಳಗಳನೆ ಅತ್ತುಬಿಟ್ಟೆ.

“ನಿನ್ನ ಸುಳ್ಳು ಭಾಳ ಗಟ್ಟಿ ಐತಿ ತಂಗಿ” ಎಂದರು ಮಾವ. ಅಂಬಲಿಯ ಮಾತನ್ನು ಅವರು ಎತ್ತಲೇ ಇಲ್ಲ. ಹೋಗಲಿ ಬಿಡಿ.

ಅತ್ತೆ ಹಸಿ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. “ಹೋಗಿ ಹರವು. ಇದು ಒಣಗೂತನಕಾ ನೀ ಎಲ್ಲಿಗೂ ಹೋಗಾಕ ಬರೂದಿಲ್ಲ” ಎಂದರು.

ನಾನು ಹಿತ್ತಲ ಹಗ್ಗದ ಮೇಲೆ ಅದನ್ನು ಹರವಿ ಬಂದೆ. ಮಧ್ಯಾಹ್ನದ ಬಿಸಿಲಿಗೆ ಅದು ಒಣಗಿತು. ಅತ್ತೆ ಹೋಗಿ ಅದನ್ನು ತಂದು, ಯಾರಿಗೂ ಏನೂ ಹೇಳದೆ, ಮತ್ತೆ ಬಾನಿಗೆ ಅದ್ದಿದರು.